ಪುಟ್ಟಿಯ ಮಷೀನಿನ ನಾಲ್ಕು ಬೋಲ್ಟು

ನಮ್ಮ ತಾತ ನಲವತ್ತು ವರ್ಷ ನ್ಯಾಯಾಲಯದಲ್ಲಿ ಕೆಲಸ ಮಾಡಿದವರು. ಅಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರು. ನಮ್ಮ ಮನೆಯವರ ಮಾತಿಗೆ ಯಾರೂ ಸಾಕ್ಷಿ ಕೇಳಿದ್ದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸುಳ್ಳು ಹೇಳಿದರೆ ಬೆರಳ ಗೆಣ್ಣಿಗೆ ಸ್ಕೇಲು ಬೀಳುತ್ತಿತ್ತು. ಇಷ್ಟು ತಿಳಿದು ಮುಂದಿನದನ್ನು ಕೇಳಿ.

ನನ್ನ ಚಿಕ್ಕಪ್ಪನ ಮಗಳು ಪುಟ್ಟಿ ಮನೆ ಬದಲಿಸುವ ಹಿಂದಿನ ದಿನ. ಅವಳ ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಫ್ರಿಜ್ಜಿನ ಮಂಜು ಕರಗಿಸಿ, ಒರೆಸಿ, ಬಾಗಿಲ ಸಂದಿಗೆ ಬಟ್ಟೆ ಮಡಚಿಟ್ಟಿದ್ದೆವು. ಬಟ್ಟೆ ಒಗೆಯುವ ಮಷೀನಿನ ನೀರನ್ನೂ ಬಸಿದಾಗಿತ್ತು. ಬಚ್ಚಲ ನೆಲವೆಲ್ಲ ಸೋಪು ನೀರು. ಇನ್ನು ಸಾಗಿಸುವಾಗ ಒಳಗಿನ ಡ್ರಮ್ಮು ಅಲುಗದಂತೆ ಹಿಂದೆ ನಾಲ್ಕು ಉದ್ದ ಬೋಲ್ಟು ಬಿಗಿಯಬೇಕು. ಮಷೀನು ಕೊಂಡ ದಿನ ಅವನ್ನು ಬಿಚ್ಚಿ ಜೋಪಾನ ಮಾಡಿದವರು ಅವಳ ಗಂಡ. ಎಲ್ಲಿ ಅಂತ ಹೇಳದೆ ಹೋದರು. ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ.

ರಾತ್ರಿ ರಿಪೇರಿಯವನ ಅಂಗಡಿಗೆ ಹೋದೆವು. "ಬೋಲ್ಟಿಲ್ಲದೆ ಲಾರಿ ಹತ್ತಿಸಿದರೆ ಡ್ರಮ್ಮು ಕಳಚಿಕೊಳ್ಳತ್ತೆ. ಬಿಟ್ಟು ಹೋಗಿ ಅಮ್ಮ," ಅಂದ.

ವಾಪಸು ಬರುವಾಗ ಹತ್ತು ದಾಟಿತ್ತು. ಹಾಳು ಬಾವಿಯ ಹತ್ತಿರ... ಹಿಂದಿನಿಂದ ಎರಡು ಸಲ ಒಣ ಕೆಮ್ಮು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು.

"ಅಕ್ಕಾ... ಇದು ಅವರ ಕೆಮ್ಮು."

"ಸುಮ್ಮನೆ ನಡಿ."

"ಅವರು ಆಸೆಪಟ್ಟು ತಂದಿದ್ದು. ಬಿಟ್ಟು ಹೋಗು ಅಂತಾನಲ್ಲ ಅವನು..."

"ಬದುಕಿದ್ದಾಗ ಒಂದು ಕರ್ಚೀಫು ಒಗೆದವನಲ್ಲ ನಿನ್ನ ಗಂಡ. ಈಗೇನು ಮಷೀನಿನ ಚಿಂತೆ," ಅಂದೆ. ಆದರೂ ಹೆಜ್ಜೆ ಬಿರುಸು ಮಾಡಿದೆ.

ಬಾಗಿಲಿಗೆ ಒಳಗಿನಿಂದ ಎರಡೂ ಚಿಲಕ ಹಾಕಿದವಳು ನಾನೇ. ಒಂದೇ ಚಾಪೆಯ ಮೇಲೆ ಮಲಗಿದೆವು. ಎರಡೂವರೆಗೆ ಎಚ್ಚರವಾಯಿತು. ಬಚ್ಚಲಿನಿಂದ... ಕಿರ್. ಸ್ವಲ್ಪ ತಡೆದು... ಕಿರ್. ಆಮೇಲೆ ಟಕ್. ಕಬ್ಬಿಣ ಕಬ್ಬಿಣಕ್ಕೆ ಕೂತ ಸದ್ದು. ಪುಟ್ಟಿ ನನ್ನ ಮಣಿಕಟ್ಟು ಹಿಡಿದಳು. ನಾಲ್ಕು ಸಲ ಟಕ್ ಆಯಿತು, ಎಣಿಸಿದೆ. ಕೊನೆಗೆ ಕೆಮ್ಮು.

ಬೆಳಿಗ್ಗೆ ನೋಡಿದರೆ ನಾಲ್ಕೂ ಬೋಲ್ಟು ಬಿಗಿದಿದ್ದವು.

ಲಾರಿ ತಂದ ಅವಳ ಭಾವ, ಅಂದರೆ ಗಂಡನ ಅಣ್ಣ, ರಿಪೇರಿಯವನಿಂದ ವಿಷಯ ತಿಳಿದಿದ್ದರು. ಸಾಮಾನು ಹೊರುವವರ ಮುಂದೆಯೇ ಕೇಳಿದರು: "ನಿನ್ನೆ ಇರಲಿಲ್ಲವಂತಲ್ಲ ಬೋಲ್ಟು. ರಾತ್ರಿ ಯಾವ ಗಂಡಸು ಬಂದಿದ್ದ?"

ಅಂದಿನಿಂದ ಗಂಡನ ಮನೆಯವರು ಪುಟ್ಟಿಯೊಂದಿಗೆ ಮಾತು ಬಿಟ್ಟಿದ್ದಾರೆ.

ಯಾವ ಗಂಡಸೂ ಬಂದಿಲ್ಲ. ನಾನಿದ್ದೆ. ಚಿಲಕ ಹಾಕಿದ ಹಾಗೇ ಇತ್ತು. ಮನೆಯಲ್ಲಿದ್ದ ಒಂದೇ ಸ್ಪ್ಯಾನರನ್ನು, ಟೇಪು ಹಚ್ಚಿದ ಪೆಟ್ಟಿಗೆಯಲ್ಲಿ, ಹಿಂದಿನ ಮಧ್ಯಾಹ್ನವೇ ಹೊಸ ಮನೆಗೆ ಒಯ್ದವರು ಅದೇ ಭಾವ. ಲಾರಿಯ ಸಾಮಾನು ಇಳಿಸಿದ ಮೇಲೆ ಅಲ್ಲಿ ನಮ್ಮೆದುರು ಟೇಪು ಕಿತ್ತವರೂ ಅವರೇ. ಪೆಟ್ಟಿಗೆಯಲ್ಲಿದ್ದ ಪುಸ್ತಕಗಳು ಒಣಗಿಯೇ ಇದ್ದವು. ಸ್ಪ್ಯಾನರ್ ಮಾತ್ರ ಒದ್ದೆಯಾಗಿತ್ತು. ಸೋಪು ನೀರು.

ಇದು ನಡೆದದ್ದು. ಭಾವನವರು ಅದೇ ಸಾಮಾನು ಹೊರುವವರ ಮುಂದೆ ನಿಂತು ಪುಟ್ಟಿಯ ಕ್ಷಮೆ ಕೇಳಬೇಕು.