ನೇತ್ರಾಳ ಚಪ್ಪಲಿ ಸಾಲು

ತಾರ್ನಾಕದ ಥೆರಪಿ ಸೆಂಟರಿನಲ್ಲಿ ಮೊಮ್ಮಗನಿಗಾಗಿ ಕಾಯುತ್ತಿದ್ದ ಅಮರಯ್ಯ ನೋಡುತ್ತಲೇ ಇದ್ದ. ಹನ್ನೊಂದು ವರ್ಷದ ನೇತ್ರಾ ಬಾಗಿಲಾಚೆಯ ಚಪ್ಪಲಿಗಳನ್ನೆಲ್ಲ, ಅಮರಯ್ಯನದನ್ನೂ ಸೇರಿಸಿ, ಸಾಲಾಗಿ ಜೋಡಿಸಿದ್ದಳು. ಒಳಗಿನಿಂದ ಅವಳ ಹೆಸರು ಎರಡು ಸಲ ಕೂಗಿಯಾಗಿತ್ತು. ಹುಡುಗಿ ಕದಲಲಿಲ್ಲ. ಕಳುವಾದೀತೆಂದು ಹೊಸ ಚಪ್ಪಲಿ ಮೆಟ್ಟಿಕೊಂಡೇ ಪಕ್ಕದ ಕುರ್ಚಿಯಲ್ಲಿ ಕಾಯುತ್ತ ಕುಳಿತಿದ್ದ ಅನ್ನಮ್ಮನ ಕಾಲನ್ನೇ ನೋಡುತ್ತಿದ್ದಳು.

“ಅಕ್ಕಾರ, ಚಪ್ಪಲಿ ಬಿಡ್ರಿ. ಸಾಲು ಪೂರಾ ಆಗದ ಇಕಿ ಒಳಗ ಹೋಗಂಗಿಲ್ಲ. ಮೂರು ತಿಂಗಳು ಕಾದು ಸಿಕ್ಕ ಪಾಳಿ ರೀ,” ಎಂದಳು ತಾಯಿ ಸುವರ್ಣಾ.

“ಡೌನ್ ಸಿಂಡ್ರೋಮ್ ಇದ್ದ ಮಕ್ಕಳು ಎಲ್ಲಾರ್ನೂ ತಬ್ಕೋತಾವ ಅಂತ ಕೇಳಿದ್ನಲ್ಲವಾ?” ಎಂದಳು ಅನ್ನಮ್ಮ.

“ಇಕಿಗೆ ಆಟಿಸಂನೂ ಐತ್ರಿ. ಒಂದು ತಬ್ಕೋ ಅಂತೈತಿ, ಇನ್ನೊಂದು ಮುಟ್ಟಬ್ಯಾಡ ಅಂತೈತಿ.”

“ಮತ್ತ ಯಾವುದು ಗೆಲ್ಲತೈತಿ?”

“ಚಪ್ಪಲಿ.”

ಅನ್ನಮ್ಮ ನಗುತ್ತ ಕಳಚಿಕೊಟ್ಟಳು. ನೇತ್ರಾ ಅವನ್ನು ಸಾಲಿನ ತುದಿಗಿಟ್ಟು, ಒಮ್ಮೆ ಬಗ್ಗಿ ನೋಡಿ, ಸೀದಾ ಒಳಗೆ ನಡೆದಳು.

“ಅಯ್ಯ, ನಾ ಈಗ ಕೆಳಗ ಚಾ ಕುಡ್ಯಾಕ ಹೋಗಬೇಕಲ್ಲವಾ!”

“ಬರಿಗಾಲ್ಲೆ ಹೋಗಿ ಬರ್ರಿ. ಒಂದು ಜೋಡಿ ಕಮ್ಮಿ ಕಂಡ್ರ ಇಕಿ ಮನಿಗೇ ಬರಂಗಿಲ್ಲ,” ಎನ್ನುತ್ತ ಸುವರ್ಣಾ ಮಗಳ ಹಿಂದೆ ಓಡಿದಳು.

ಅನ್ನಮ್ಮ ಬರಿಗಾಲಲ್ಲೇ ಮೆಟ್ಟಿಲಿಳಿದಳು. ಚಹಾದ ಆಸೆಗೆ ಅಮರಯ್ಯನೂ ಎದ್ದ. ತನ್ನ ಚಪ್ಪಲಿಯನ್ನು ದೂರದಿಂದಲೇ ನೋಡಿ, ಸಾಲನ್ನು ಸುತ್ತಿಕೊಂಡು, ಬರಿಗಾಲಲ್ಲೇ ಅವಳ ಹಿಂದೆ ನಡೆದ.