ಅಚ್ಚುಬೆಲ್ಲದ ಹರಕೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಶಿವಣ್ಣನವರೇ, ಗುಡಿ ಸಮಿತಿಯ ಹಿರಿಯರೇ, ಈ ಬಿಸಿಲಿನಲ್ಲಿ ಕೆ.ಆರ್. ಪೇಟೆಯಿಂದ ಸಿಂಧಘಟ್ಟಕ್ಕೆ ಬಂದಿರುವ ಅತಿಥಿಗಳೇ, ತಾಯಂದಿರೇ, ಊಟದ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕೂತಿರುವ ಸಭಿಕರೇ,

ಕಾಳಮ್ಮನ ಗುಡಿಗೆ ಒಂದು ಜೊತೆ ಬಾಗಿಲು ಮಾಡಿಕೊಟ್ಟೆ ಎಂದು ಈ ಬಡಗಿ ಕಾಳಪ್ಪನಿಗೆ ಶಾಲು ಹೊದಿಸಿದಿರಿ, ಪೇಟ ಇಟ್ಟಿರಿ. ನಾಲ್ಕನೇ ತರಗತಿ ದಾಟದವನು ನಾನು. ನೆಂಟರಿಷ್ಟರಿಗೆ ಕಾಗದ ಬರೆದೂ ಬರೆದೂ ಅಕ್ಷರ ತಿದ್ದಿಕೊಂಡವನು. ಹಾಗಾಗಿ ನನ್ನ ಭಾಷಣವೂ ಕಾಗದದ ಹಾಗೆಯೇ ಬರುತ್ತದೆ, ಮೊದಲು ಕ್ಷೇಮ, ಆಮೇಲೆ ವಿಷಯ. ಕ್ಷೇಮ ಹೇಳಿ ಆಯಿತು ಎಂದುಕೊಳ್ಳಿ.

ವಿಷಯ ಏನೆಂದರೆ, ನನ್ನ ಎಡಗಡೆ ನಿಂತಿರುವ ಈ ತಕ್ಕಡಿ. ಇದನ್ನೂ ನಾನೇ ಮಾಡಿದ್ದು, ಹೊನ್ನೆ ಮರದಲ್ಲಿ. ಇದರ ತಟ್ಟೆಯಲ್ಲಿ ಕೂರದೆ ಬೆಳೆದ ಮಕ್ಕಳು ಈ ಊರಿನಲ್ಲಿ ಎಷ್ಟಿದ್ದಾರೆ? ಕಾಯಿಲೆ ವಾಸಿಯಾದರೆ ಮಗುವಿನ ತೂಕದಷ್ಟು ಬೆಲ್ಲ ಕಾಳಮ್ಮನಿಗೆ. ಅಚ್ಚು ಒಂದೊಂದೇ ಏರುತ್ತಿದ್ದರೆ ಊರೆಲ್ಲ ಕೂಗಿ ಎಣಿಸುತ್ತದೆ. ಹೆಚ್ಚು ಏರಿದಷ್ಟೂ ಹೆಚ್ಚು ಸಂತೋಷ. ನಮ್ಮ ಅಧ್ಯಕ್ಷರನ್ನು ಚಿಕ್ಕಂದಿನಲ್ಲಿ ಕೂರಿಸಿದಾಗ ಆಲೆಮನೆಗೆ ಎರಡನೇ ಸಲ ಗಾಡಿ ಕಳಿಸಬೇಕಾಯಿತು. ನಗುತ್ತಿದ್ದಾರೆ ನೋಡಿ, ಅವರಿಗೂ ಗೊತ್ತು.

ಸನ್ಮಾನ ಮುಗಿದ ಮೇಲೆ ನನ್ನ ಮೊಮ್ಮಗಳು ಕೀರ್ತನಳ ತುಲಾಭಾರ ಎಂದು ಬೆಳಿಗ್ಗೆಯಿಂದ ಮೈಕಿನಲ್ಲಿ ಹೇಳುತ್ತಿದ್ದಾರೆ. ಬೆಲ್ಲ ಶಿವಣ್ಣನವರ ಆಲೆಮನೆಯದು, ಹರಕೆ ನನ್ನ ಹೆಂಡತಿ ವೆಂಕಟಮ್ಮನದು. ಆ ಹುಡುಗಿಯನ್ನು ತೂಗುವುದು ಬೇಡ ಎಂದು ಕೇಳಿಕೊಳ್ಳುವುದಕ್ಕೇ ನಾನು ಇಷ್ಟು ಹೊತ್ತು ಸುತ್ತಿ ಬಳಸಿ ಮಾತಾಡುತ್ತಿರುವುದು.

ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ. "ಯೋಳು ತಾತ, ಆದ್ರೆ ನನ್ ಕಡೆ ಬೆಟ್ಟು ಮಾಡಿ ತೋರಿಸ್‌ಬ್ಯಾಡ" ಎಂದಿದ್ದಾಳೆ. ದಯವಿಟ್ಟು ಯಾರೂ ತಿರುಗಿ ಹುಡುಕಬೇಡಿ. ಹಿಂದಿನ ಸಾಲಿನವರೇ, ನಿಮಗೂ ಹೇಳಿದ್ದು.

ಮೈಸೂರಿನಲ್ಲಿ ಓದುತ್ತಿದ್ದಾಗ ಅವಳು ಊಟ ಬಿಡುತ್ತ ಬಂದಳು. ಹಾಸ್ಟೆಲಿನ ಅನ್ನ ಸೇರುತ್ತಿಲ್ಲ ಎಂದುಕೊಂಡೆವು. ಹಠ ಎಂದುಕೊಂಡೆವು. ದೃಷ್ಟಿ ತೆಗೆದೆವು. ಕೊನೆಗೆ ಕಾಲೇಜಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು: ಇದು ಹಠವಲ್ಲ, ಕಾಮಾಲೆಯ ಹಾಗೆ ಇದೂ ಒಂದು ಕಾಯಿಲೆ, ದಪ್ಪಗಾಗಿಬಿಡುತ್ತೇನೆ ಎಂಬ ಭಯ ಹಸಿವನ್ನೇ ನುಂಗಿ ಕೂತಿದೆ. ಅವತ್ತು ವೆಂಕಟಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಸೆರಗೊಡ್ಡಿ ಈ ಹರಕೆ ಹೊತ್ತಳು. ತಪ್ಪೇ? ಯಾವ ಅಜ್ಜಿಯಾದರೂ ಬೇರೆ ಏನು ಮಾಡುತ್ತಿದ್ದಳು?

ನಮಗೆ ತಿಳಿಯದೆ ಹೋದದ್ದು ಒಂದೇ. ಮೈಕೈ ತುಂಬಿಕೊಂಡರೆ ಕಾಯಿಲೆ ಹೋಯಿತು ಎಂದುಕೊಂಡೆವು. ಆ ಭಯ ಹೆಚ್ಚುವುದೇ ಆಗ. ಒಂದೊಂದು ತುತ್ತಿಗೂ ಅವಳು ಒಳಗೊಳಗೇ ಜಗಳವಾಡಿ ಗೆಲ್ಲಬೇಕು. ಆಸ್ಪತ್ರೆಯಲ್ಲಿ ತೂಕ ನೋಡುವಾಗ ಅವಳನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ, ಅಂಕಿ ಕಣ್ಣಿಗೆ ಬೀಳಬಾರದು ಎಂದು. ನರ್ಸು ನೋಡಿಕೊಂಡು "ಆಯ್ತಮ್ಮ, ಇಳಿ" ಎನ್ನುತ್ತಾರೆ, ಅಷ್ಟೇ. ಅಂಥವಳನ್ನು ನಾವು ಊರಿಗೆ ಮುಖಮಾಡಿ ಕೂರಿಸಿ, ಒಂದು, ಎರಡು, ಮೂರು ಎಂದು ಕೂಗಲು ಹೊರಟಿದ್ದೇವೆ. ಪ್ರೀತಿಯಿಂದಲೇ ಹೊರಟಿದ್ದೇವೆ.

ಯುಗಾದಿಗೆ ಮನೆಗೆ ಬಂದಿದ್ದಳು. ಒಬ್ಬಟ್ಟು ಹಾಕಿಸಿಕೊಂಡು, ತಾನೇ ಬಾಯಿಬಿಟ್ಟು ತುಪ್ಪ ಕೇಳಿದಳು. ನನಗೆ ಸಂತೋಷ ತಡೆಯಲಿಲ್ಲ. "ಈಗ ನೋಡವ್ವ, ಕೆನ್ನೆ ತುಂಬ್ಕಂಡು ಲಕ್ಸ್ಮಿ ಅಂಗಾಗಿದ್ದೀಯ" ಎಂದೆ. ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಮಾತು ಯಾವುದಿದೆ? ಅವಳು ಸಣ್ಣಗೆ ನಕ್ಕಳು. ಒಬ್ಬಟ್ಟನ್ನು ಎಲೆಯ ಅಂಚಿಗೆ ಸರಿಸಿದಳು. ಮಡಿಸಿದ ಎಲೆಯನ್ನು ಹಸುವಿನ ಮುಂದೆ ಹಾಕಿದವನು ನಾನೇ. ತುಪ್ಪ ಹಾಗೆಯೇ ಇತ್ತು. ಮರದಲ್ಲಿ ಅಳತೆ ತಪ್ಪಿದರೆ ಒಂದು ತುಂಡು ಕೂರಿಸಿ ಸರಿ ಮಾಡುತ್ತೇನೆ. ಆಡಿದ ಮಾತಿಗೆ ಯಾವ ತುಂಡು ಕೂರಿಸಲಿ?

ತುಲಾಭಾರದ ಸುದ್ದಿ ಕೇಳಿದಂದಿನಿಂದ ಮತ್ತೆ ಊಟದ ತಟ್ಟೆ ದೂಡುತ್ತಿದ್ದಾಳೆ. ನಿನ್ನೆ ಹಿತ್ತಲಲ್ಲಿ ವಿಚಾರಿಸಿದೆ. "ಅಜ್ಜಿ ನೊಂದ್ಕತ್ತದೆ ತಾತ, ಕೂತ್ಕತೀನಿ ಬುಡು. ಬೆಲ್ಲ ಒಸಿ ಕಮ್ಮಿ ಏರ್‍ದ್ರೆ ಸಾಕು" ಎಂದಳು. ಅರ್ಥವಾಯಿತೇ? ಅಜ್ಜಿಯ ಹರಕೆ ತೀರಿಸಲು ಮೊಮ್ಮಗಳು ಉಪವಾಸ.

ಆಗಲೇ ಅಡುಗೆಮನೆಗೆ ಹೋಗಿ ವೆಂಕಟಮ್ಮನಿಗೆ ಹೇಳಬೇಕಿತ್ತು. ಹೋದೆ. ಬೆಲ್ಲಕ್ಕೆ ಹೊದಿಸುವ ಹೊಸ ಬಟ್ಟೆಯ ಅಂಚಿಗೆ ಅರಿಶಿನ ಹಚ್ಚುತ್ತ, ಎಷ್ಟು ದಿನದ ಮೇಲೋ ಏನೋ ಗುನುಗಿಕೊಳ್ಳುತ್ತಿದ್ದಳು. ಒಂದು ಲೋಟ ನೀರು ಕುಡಿದು ಹೊರಗೆ ಬಂದೆ. ಅಡುಗೆಮನೆಯಲ್ಲಿ ಆಡಬೇಕಾದ ಮಾತನ್ನು ಮೈಕಿನಲ್ಲಿ ಆಡುತ್ತಿದ್ದೇನೆ, ಇಷ್ಟು ಕಾಲ ಸಂಸಾರ ಮಾಡಿದವನಿಗೆ ಇದು ಶೋಭೆಯಲ್ಲ. ಅವಳು ಮುಂದಿನ ಸಾಲಿನಲ್ಲೇ ಕೂತು ನೆಲ ನೋಡುತ್ತಿದ್ದಾಳೆ.

ವೆಂಕಟಮ್ಮ, ಹರಕೆ ಮುರಿ ಎನ್ನುತ್ತಿಲ್ಲ. ಬೆಲ್ಲ ಕಾಳಮ್ಮನದು, ಅವಳಿಗೇ ಸೇರಲಿ. ತಟ್ಟೆಯಲ್ಲಿ ನಾನು ಕೂರುತ್ತೇನೆ. ದೇವಿಗೆ ನಷ್ಟವಾಗುವಷ್ಟು ಹಗುರದವನಲ್ಲ ನಾನು.

ಸಭಿಕರೇ, ಊಟಕ್ಕೆ ಕೂತಾಗ ಅವಳ ಪಕ್ಕದ ಎಲೆ ನಿಮ್ಮದಾದರೆ, ಚೆನ್ನಾಗಿ ಆಗಿದ್ದೀಯ ಎನ್ನಬೇಡಿ. ಸೊರಗಿದ್ದೀಯ ಎಂದೂ ಬೇಡ. ಅವಳ ಎಲೆ ನೋಡಬೇಡಿ. ನಾಲೆಗೆ ನೀರು ಬಂತೇ, ಮಧ್ಯಾಹ್ನದ ಬಸ್ಸು ಇದೆಯೇ, ಏನಾದರೂ ಮಾತಾಡಿ. ಅವಳು ತಿನ್ನಬಹುದು, ತಿನ್ನದೆಯೂ ಇರಬಹುದು. ನಾಳೆಯೂ ಊಟವಿದೆ.

ಸ್ವಲ್ಪ ತಾಳಿ, ವೆಂಕಟಮ್ಮ ಎದ್ದಳು. ದಾರಿ ಬಿಡಿ, ಮಂಡಿ ನೋವಿನವಳು. ನನ್ನ ಮುಖ ನೋಡುತ್ತಿಲ್ಲ. ನನಗೆ ಬರಬೇಕಾದ್ದು ಮನೆಗೆ ಹೋದ ಮೇಲೆ ಬರುತ್ತದೆ. ಹರಕೆ ಹೊತ್ತವಳು ತಾನು, ನಡುವೆ ಕೂರುವುದಕ್ಕೆ ನಾನು ಯಾರು ಎನ್ನುತ್ತಿದ್ದಾಳೆ. ನಿಮಗೆ ಕೇಳಿಸಲಿಲ್ಲ, ಅದಕ್ಕೆ ಹೇಳಿದೆ. ಸೆರಗು ಸುತ್ತಿಕೊಂಡು ತಟ್ಟೆಯಲ್ಲಿ ಕೂತೇಬಿಟ್ಟಳು.

ಶಿವಣ್ಣನವರೇ, ಬೆಲ್ಲ ಏರಿಸಿ. ಇವತ್ತೊಂದು ದಿನ ಯಾರೂ ಎಣಿಸಬೇಡಿ.

ಶಾಲು ಹೊದಿಸಿದ ಕೈಗಳಿಗೂ, ಹಸಿದುಕೊಂಡು ಕೇಳಿದ ನಿಮಗೂ ಈ ಬಡಗಿ ಋಣಿ. ಎಲ್ಲರಿಗೂ ನಮಸ್ಕಾರ.