ಬಾವಿ ಹತ್ರ ಸಿಕ್ಕ ಮಜರ್

ಆ ಲೈಟ್ ಇರಲಿ, ಆರಿಸಬೇಡಿ. ಹೇಳ್ತೀನಿ.

ಶಿರೀಷಾ ಅಂತ, ನಮ್ಮ ಚಿಕ್ಕಮ್ಮ ಗಂಗುಲಮ್ಮನ ಮಗಳು. ಹೋದ ವರ್ಷ ಕಾರ್ತೀಕದಲ್ಲಿ ಆಗಿದ್ದು ಇದು. ಚಿಂತಾಮಣಿಯಿಂದ ಬರೋ ಕೊನೇ ಬಸ್ಸು ಅವಳನ್ನ ಕೆಂಚಾರ್ಲಹಳ್ಳಿ ಹತ್ರ ಇಳಿಸಿ ಹೊರಟೋಯ್ತು. ಅಲ್ಲಿಂದ ಮನೆಗೆ ಹಿಪ್ಪುನೇರಳೆ ತೋಟದ ಅಂಚಲ್ಲಿ ಮಣ್ಣು ದಾರಿ. ಬೀದಿ ದೀಪ ಇಲ್ಲ. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಫೋನ್ ಟಾರ್ಚು. ತಲೆ ತುಂಬ ಆಫೀಸಿನ ಗೋಳು.

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿಂದ ನೂಲು ತೆಗೆಯೋ ಕೆಲವು ರೀಲರುಗಳು ಸೇರಿ ಒಂದು ಸೈಟ್ ಮಾಡಿಸಿದ್ರು. ಗೂಡು ಮಾರೋ ರೈತರು ಬೆಳಗಾಗೋದ್ರೊಳಗೆ ಅದರಲ್ಲಿ ಟೋಕನ್ ತಗೋಬೇಕು. ಟೋಕನ್ ಇಲ್ಲದ ಗೂಡನ್ನ ಅವರು ಕೊಳ್ಳಲ್ಲ. ಇಟ್ಕೊಂಡು ಕೂತ್ರೆ ಚಿಟ್ಟೆ ಒಡ್ಕೊಂಡು ಬರುತ್ತೆ, ಗೂಡು ಹಾಳು. ಆ ಸೈಟನ್ನ ನೋಡ್ಕೊಳ್ತಿದ್ದಿದ್ದು ಇಬ್ಬರೇ, ಶಿರೀಷಾ ಮತ್ತೆ ಅವಳ ಸೀನಿಯರ್ ಮಜರ್.

ಅವತ್ತು ಮಧ್ಯಾಹ್ನ ವೆಬ್ ಸರ್ವರಿಗೆ ಹೊಸ ವರ್ಷನ್ ಹಾಕಿದ್ರು. ಸೈಟನ್ನ ಜನರ ಫೋನಿಗೆ ತಲುಪಿಸೋ ಸಾಫ್ಟ್‌ವೇರು ಅದು. ಅದಕ್ಕೆ ಪಕ್ಕದಿಂದ ಸಿಕ್ಕಿಸೋ ಒಂದು ತುಂಡು ಇತ್ತು, ಮಾಡ್ಯೂಲ್ ಅಂತಾರೆ. ಟೋಕನ್ ಕೇಳ್ತಿರೋನು ನಿಜವಾಗ್ಲೂ ರೈತನೇನಾ ಅಂತ ನೋಡೋ ಕೆಲಸ ಅದರದ್ದು. ಬರೆದೋನು ಮಜರ್. ಹೊಸ ವರ್ಷನ್ನು ಆ ಹಳೇ ತುಂಡನ್ನ ಒಳಗೇ ಬಿಟ್ಕೊಳ್ಳಲಿಲ್ಲ. ವರ್ಷನ್ ಬೇರೆ ಅಂತು. ಶಿರೀಷಾ ಹೊಸದಕ್ಕೆ ಸರಿಯಾಗಿ ಮತ್ತೆ ಕಂಪೈಲ್ ಮಾಡಿದ್ಲು, ಅಂದ್ರೆ ಕೋಡಿಂದ ಹೊಸದಾಗಿ ಕಟ್ಟಿದ್ಲು. ಈಗ ಇನ್ನೊಂದು ತಕರಾರು, ಹೊಂದಾಣಿಕೆ ಇಲ್ಲ ಅಂತ. ಸೈಟ್ ಸತ್ತ ಹಾಗೆ ಬಿದ್ದಿತ್ತು. ಮಜರ್ ಗೌರಿಬಿದನೂರಿಗೆ ಮದುವೆಗೆ ಹೋಗಿದ್ದ. ಫೋನ್ ಸಿಗ್ತಿರಲಿಲ್ಲ.

ಬಾವಿ ಹತ್ರ ಬಂದ್ಲು. ನಮ್ಮೂರ ಹಳೇ ಬಾವಿ. ಬೋರ್‌ವೆಲ್ ಬಂದ ಮೇಲೆ ಅದರಲ್ಲಿ ತೊಟ್ಟು ನೀರಿಲ್ಲ.

"ಶಿರೀಷಾ..."

ಕಟ್ಟೆ ಪಕ್ಕ ಮಜರ್ ನಿಂತಿದ್ದ.

"ಅಯ್ಯೋ, ಮಜರಣ್ಣ! ಮದುವೆಗೆ ಹೋಗಿದ್ರಲ್ಲ?"

"ಬಂದೆ."

ಅಷ್ಟೇ. ಅವಳಿಗೆ ಹೋದ ಜೀವ ಬಂದಂಗಾಯ್ತು. ನಡೀತಾನೇ ಎಲ್ಲ ಹೇಳಿದ್ಲು. ಅವನು ಒಂದು ಹೆಜ್ಜೆ ಹಿಂದೆ ಬರ್ತಿದ್ದ. ಟಾರ್ಚಿನ ಬೆಳಕಿಗೆ ಬರಲಿಲ್ಲ.

"ಹಳೇದು ಹೊಸದರಲ್ಲಿ ಕೂರಲ್ಲ ಕಣಮ್ಮ," ಅಂದ ಪಿಸುಮಾತಲ್ಲಿ. "ಮತ್ತೆ ಕಟ್ಟಬೇಕು."

"ಕಟ್ಟಿದೆ ಅಣ್ಣ. ಆದ್ರೂ ಬೇಡ ಅಂತಿದೆ."

"ಕಂಪ್ಯಾಟ್ ಹಾಕಿಲ್ಲ ನೀನು."

ಸರ್ವರನ್ನ ಯಾವ ಆಪ್ಷನ್ ಕೊಟ್ಟು ಕಟ್ಟಿರ್ತಾರೋ ಮಾಡ್ಯೂಲಿಗೂ ಅದನ್ನೇ ಕೊಡಬೇಕು. ಕಂಪ್ಯಾಟ್ ಅಂದ್ರೆ ಅಂಥದ್ದೊಂದು ಆಪ್ಷನ್ನು. ಅವಳು ಹಾಕಿದ್ಲೋ ಇಲ್ವೋ ಅವಳಿಗೇ ನೆನಪಿರಲಿಲ್ಲ. ಇವನಿಗೆ ಹೇಗೆ ಗೊತ್ತಾಯ್ತು?

ಆಗ ಗಮನಿಸಿದ್ಲು. ಅವಳ ಚಪ್ಪಲಿ ಚರಕ್... ಚರಕ್... ಅಂತಿದೆ. ಹಿಂದಿನಿಂದ ಏನೂ ಇಲ್ಲ. ಇನ್ನೊಂದು. ಇಷ್ಟು ಹೊತ್ತು ನಡೆದ್ರೂ ಬಾವಿ ಕಟ್ಟೆ ಇನ್ನೂ ಎಡಗಡೇಗೇ ಇದೆ.

"ಲ್ಯಾಪ್‌ಟಾಪ್ ಕೊಡು. ನಾನೇ ಮಾಡ್ತೀನಿ. ಬಾ... ಈ ಕಟ್ಟೆ ಮೇಲೆ ಕೂತ್ಕೊ."

ಅವಳ ಕಾಲು ಅತ್ತ ಹೋಗ್ತಿತ್ತಂತೆ. ಬೇಡ ಅಂದ್ರೂ ಹೋಗ್ತಿತ್ತಂತೆ. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಗುರ್ರ್ ಅಂತು. ಪರದೆ ಮೇಲೆ ಹೆಸರು ಮಜರ್.

ಎತ್ತಿದ್ಲು.

"ಹಲೋ, ಶಿರೀಷಾ? ಈಗ ಸಿಗ್ನಲ್ ಬಂತಮ್ಮ, ಇನ್ನೂ ಗೌರಿಬಿದನೂರಲ್ಲೇ ಇದೀನಿ. ಎಲ್ಲಿದೀಯ?"

"ಬಾ... ಬಾವಿ ಹತ್ರ ಅಣ್ಣ."

ಆ ಕಡೆಯಿಂದ ಮಜರ್ ಮೆಲ್ಲಗೆ ಕೇಳಿದ, "ನಿನ್ನ ಪಕ್ಕ ಯಾರಮ್ಮ ಮಾತಾಡ್ತಿರೋದು? ನನ್ನ ಥರಾನೇ ಇದೆಯಲ್ಲ..."

ಓಡಿದ್ಲು. ಒಂದು ಚಪ್ಪಲಿ ಅಲ್ಲೇ ಬಿತ್ತು. ಹಿಂದೆ ಧುಡುಂ ಅಂತ, ತುಂಬಿದ ನೀರಿಗೆ ಭಾರವಾದದ್ದೇನೋ ಬಿದ್ದ ಸದ್ದು.

ಬಾಗಿಲು ದಬದಬ ಬಡಿದು ಒಳಗೆ ಬಿದ್ಲು. "ಏಮೈಂದೇ, ಏನಾಯ್ತು? ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಅಂದ್ಲು ಗಂಗುಲಮ್ಮ. ಶಿರೀಷಾ ತಿರುಗಿ ಬಾಗಿಲಿಗೆ ಅಗುಳಿ ಹಾಕಿದ್ಲು.

ಆದ್ರೆ ಕೆಲಸ ಬಾಕಿ ಇದೆಯಲ್ಲ. ಊರಲ್ಲಿ ಎಷ್ಟು ಮನೇಲಿ ಗೂಡು ಬಿಡಿಸಿ ಇಟ್ಟಿದ್ರು! ಲ್ಯಾಪ್‌ಟಾಪ್ ತೆಗೆದ್ಲು. ಮಜರಿಗೆ ವಾಪಸ್ ಮಾಡಿದ್ರೆ ಫೋನ್ ಹೋಗ್ಲಿಲ್ಲ. ಸರ್ವರನ್ನ ಯಾವ ಆಪ್ಷನ್ನಲ್ಲಿ ಕಟ್ಟಿದ್ದಾರೆ ಅಂತ ನೋಡಿದ್ಲು. ಕಂಪ್ಯಾಟ್ ಇದೆ. ತಾನು ಕೊಟ್ಟಿದ್ದ ಆಜ್ಞೆ ನೋಡಿದ್ಲು. ಇಲ್ಲ.

ಅದು ಹೇಳಿದ್ದು ನಿಜ ಆಗಿತ್ತು.

ಅದು ಹೇಳಿಕೊಟ್ಟಿದ್ದನ್ನ ಮಾಡೋದಾ, ಬಿಡೋದಾ? ಕೈ ಕೀಲಿ ಮೇಲೇ ನಿಂತುಬಿಡ್ತು. ಬೇರೆ ದಾರಿ ಇರಲಿಲ್ಲ. ಕಂಪ್ಯಾಟ್ ಸೇರಿಸಿ ಎಂಟರ್ ಒತ್ತಿದ್ಲು. ಸಾಲುಗಳು ಓಡತೊಡಗಿದವು.

ಪಕ್ಕದ ಹುಳದ ಮನೇಲಿ ರೇಷ್ಮೆ ಹುಳ ಸೊಪ್ಪು ಮೇಯ್ತಿದ್ವು. ಸಣ್ಣ ಮಳೆ ಹನಿದಂಗೆ ಸರಸರ ಅನ್ನೋ ಸದ್ದು ಅದು, ರಾತ್ರಿಯಿಡೀ ಇರುತ್ತೆ. ಆ ಸದ್ದು... ಒಂದೇ ಸಲ ನಿಂತೋಯ್ತು.

ಕಿಟಕಿ ಆಚೆ ಯಾರೋ ಓದ್ತಿದ್ರು. ತಗ್ಗಿದ ದನಿ. ಒಂದೊಂದೇ ಫೈಲ್ ಹೆಸರು. ಕಂಪೈಲ್ ಆಗ್ತಿದ್ದ ಫೈಲುಗಳವು. ಅಲ್ಲಿ ಹೆಸರು ಕೇಳಿಸಿದ ಮೇಲೆ ಇಲ್ಲಿ ಪರದೆ ಮೇಲೆ ಆ ಸಾಲು ಬರ್ತಿತ್ತು. ಆಮೇಲೆ... ಮೊದಲಲ್ಲ.

ಅಪ್ಪ ವೆಂಕಟರವಣಪ್ಪ ಎದ್ದು ಕೂತ. ಅವನಿಗೂ ಕೇಳಿಸ್ತು. "ಮಜರಪ್ಪನ ದನಿ ಅಲ್ವೇನಮ್ಮ? ಪಾಪ, ಈ ಹೊತ್ತಲ್ಲಿ ಬಂದವ್ನೆ," ಅಂತ ಅಗುಳಿಗೆ ಕೈ ಹಾಕಿದ.

ಶಿರೀಷಾ ಹಾರಿ ಅಪ್ಪನ ಕೈ ಹಿಡ್ಕೊಂಡ್ಲು. "ತೆಗೀಬೇಡಪ್ಪ... ಅವರಲ್ಲ ಅದು."

ಮುದುಕ ಮಗಳ ಮುಖ ನೋಡಿದ. ಕೈ ಹಿಂದಕ್ಕೆ ತಗೊಂಡ. ಮೂರೂ ಜನ ಬಾಗಿಲಿಗೆ ಬೆನ್ನು ಕೊಟ್ಟು ಕೂತ್ರು. ಆಚೆ ದನಿ ಓದ್ತಾನೇ ಇತ್ತು.

ಕೊನೇ ಸಾಲು ಬಂತು. ಶಿರೀಷಾ ಅಲ್ಲಿಂದಲೇ ಕೈ ಚಾಚಿ, ಹೊಸ ಮಾಡ್ಯೂಲ್ ಹಾಕಿ ಸರ್ವರ್ ಶುರು ಮಾಡಿದ್ಲು. ತಕರಾರಿಲ್ಲದೆ ಎದ್ದು ನಿಂತ್ಕೊಳ್ತು.

ಕಿಟಕಿ ಹತ್ರ ಒಂದೇ ಮಾತು ಕೇಳಿಸ್ತು. "ಕೂತ್ಕೊಳ್ತು..."

ಆಮೇಲೆ ಹುಳ ಮತ್ತೆ ಸರಸರ ಅಂತ ಮೇಯೋಕೆ ಶುರು ಮಾಡಿದ್ವು.

ಬೆಳಿಗ್ಗೆ ಟೋಕನ್ ಎಲ್ಲರಿಗೂ ಸಿಕ್ತು, ಗೂಡೂ ಮಾರಿ ಬಂದ್ರು. ಶಿರೀಷಾ ಜ್ವರ ಹತ್ತಿ ಮಲಗಿದ್ಲು. ಈಗ ಹೊತ್ತು ಮುಳುಗೋಕೆ ಮುಂಚೆನೇ ಮನೆ ಸೇರ್ತಾಳೆ. ಆ ದಾರೀಲಿ ನಡೆಯೋದೇ ಇಲ್ಲ, ಅಪ್ಪ ಗಾಡೀಲಿ ಬಂದು ಕರ್ಕೊಂಡು ಹೋಗ್ತಾನೆ.

ನೀವು ನಂಬಲ್ಲ, ಗೊತ್ತು. ನಾನೂ ನಂಬಿರಲಿಲ್ಲ. ಮಜರ್ ಫೋನಲ್ಲಿ ಎಲ್ಲ ಕರೆಗಳೂ ತಾನಾಗೇ ರೆಕಾರ್ಡ್ ಆಗ್ತವೆ. ಒಂದಿನ ಚಿಂತಾಮಣೀಲಿ, ಟೀ ಅಂಗಡಿ ಮುಂದೆ ಕೂತು, ಆ ರಾತ್ರಿದನ್ನ ಅವನು ನನಗೆ ಕೇಳಿಸಿದ. ನನ್ನ ಈ ಕಿವಿಗೇ ಇಟ್ಕೊಂಡು ಕೇಳಿದೀನಿ. ಎಲ್ಲಿದೀಯ ಅಂತ ಮಜರ್ ಕೇಳ್ತಾನೆ. "ಬಾ... ಬಾವಿ ಹತ್ರ ಅಣ್ಣ" ಅಂತ ಉತ್ತರ ಬರುತ್ತೆ. ಶಿರೀಷಾ ಹೇಳಿದ ಮಾತೇ ಅದು, ಒಂದಕ್ಷರ ವ್ಯತ್ಯಾಸ ಇಲ್ಲ.

ಆದ್ರೆ ಆ ದನಿಯೂ ಮಜರದ್ದೇ.